ಹಾಡು ಯಾರದು, ಹೆಸರು ಯಾರದು?

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಬಡ್ಡಿಯ ಲೆಕ್ಕ ಮುಗಿಯಿತು. ಈಗ ಒಂದು ಹಾಡಿನ ಕಥೆ ಹೇಳುತ್ತೇನೆ. ಹಾಡು ನಮ್ಮ ಭಾಷೆಯದಲ್ಲ, ನಮ್ಮ ದೇಶದ್ದೂ ಅಲ್ಲ. ಆದರೂ ಇಲ್ಲಿ ಯಾಕೆ ಹೇಳಿದೆ ಎನ್ನುವುದು ಕೊನೆಗೆ ನಿಮಗೇ ತಿಳಿಯುತ್ತದೆ.

ಅಮೆರಿಕದ ದಕ್ಷಿಣಕ್ಕೆ ಅಲಬಾಮಾ ಎಂಬ ರಾಜ್ಯವಿದೆ. ಹತ್ತಿ ಬೆಳೆಯುವ ಸೀಮೆ. ಆಫ್ರಿಕಾದಿಂದ ಹಿಡಿದು ತಂದ ಕಪ್ಪು ಜನರನ್ನು ಗುಲಾಮರನ್ನಾಗಿ ದುಡಿಸಿದ ನೆಲ. ಅವರ ಮಕ್ಕಳು, ಮೊಮ್ಮಕ್ಕಳು ಚರ್ಚಿನಲ್ಲಿ ದೇವರನ್ನು ಕರೆದು ಹಾಡುತ್ತಿದ್ದರು. ಅದೇ ದನಿಯಲ್ಲಿ ಪ್ರೀತಿಯನ್ನು, ಅಗಲಿಕೆಯನ್ನು, ಬಾಳಿನ ಕಷ್ಟವನ್ನು ಹಾಡಿದಾಗ ಹುಟ್ಟಿದ್ದು ಸೋಲ್ ಸಂಗೀತ. 'ಸೋಲ್' ಎಂದರೆ ಆತ್ಮ.

ಆ ಸೀಮೆಯ ಲೈಟನ್ ಎಂಬ ಊರಿನವನು ಪರ್ಸಿ ಸ್ಲೆಡ್ಜ್. ಹತ್ತಿಯ ಹೊಲದಲ್ಲಿ ದುಡಿದು ಬೆಳೆದವನು. ದೊಡ್ಡವನಾದ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ. ವಾರದ ಕೊನೆಗೆ ಒಂದು ತಂಡದ ಜೊತೆ ಹಾಡುತ್ತಿದ್ದ. ಪ್ರೀತಿಸಿದ ಹುಡುಗಿ ಬಿಟ್ಟುಹೋದ ನೋವಿನಲ್ಲಿ ಈ ಹಾಡು ಬಂತೆಂದು, ಅದರ ರಾಗವನ್ನು ಹೊಲದಲ್ಲಿ ಗುನುಗುತ್ತಿದ್ದೆನೆಂದು ಅವನೇ ಹೇಳಿಕೊಂಡಿದ್ದಾನೆ.

ಪಕ್ಕದ ಶೆಫೀಲ್ಡ್ ಊರಿನಲ್ಲಿ ಕ್ವಿನ್ ಐವಿ ಎಂಬವರು ರೆಕಾರ್ಡು ಅಂಗಡಿ ಇಟ್ಟು, ಒಂದು ಸಣ್ಣ ಸ್ಟುಡಿಯೋ ನಡೆಸುತ್ತಿದ್ದರು. ಹಾಡನ್ನು ಅಲ್ಲಿ ಧ್ವನಿಮುದ್ರಿಸಿದರು. ಅಟ್ಲಾಂಟಿಕ್ ಕಂಪನಿ ಅದನ್ನು 1966ರಲ್ಲಿ ಹೊರತಂದಿತು. 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್', ಅಂದರೆ ಗಂಡೊಬ್ಬ ಹೆಣ್ಣನ್ನು ಪ್ರೀತಿಸಿದಾಗ. ಆ ದೇಶದಲ್ಲಿ ಕಪ್ಪು ಜನರ ಸಂಗೀತಕ್ಕೆ ಬೇರೆ ಪಟ್ಟಿ, ಎಲ್ಲರ ಸಂಗೀತಕ್ಕೆ ಬೇರೆ ಪಟ್ಟಿ ಇದ್ದ ಕಾಲ ಅದು. ಹಾಡು ಎರಡರಲ್ಲೂ ಮೊದಲ ಸ್ಥಾನಕ್ಕೆ ಏರಿತು.

ನಿಧಾನದ ಹಾಡು. ಆರ್ಗನ್ ಮೆಲ್ಲಗೆ ಶುರುವಾಗುತ್ತದೆ, ಅದರ ಮೇಲೆ ಎದೆ ಒಡೆದಂಥ ದನಿ ಏರುತ್ತದೆ. ಪ್ರೀತಿಸಿದವಳಿಗಾಗಿ ಹಣ, ಸ್ನೇಹ, ನೆಮ್ಮದಿ ಎಲ್ಲವನ್ನೂ ಕೊಟ್ಟುಬಿಡುವ ಗಂಡಸಿನ ಮಾತು ಅದರಲ್ಲಿದೆ. ಇದನ್ನು ವಿವರಿಸಿದಾಗ ನಮ್ಮ ಸಂಘದ ಒಬ್ಬ ಅಜ್ಜಿ, "ಎಲ್ಲ ಅವನೇ ಹೇಳ್ತಾನಲ್ಲ, ಆಕೆ ಏನಂದ್ಲು?" ಎಂದು ಕೇಳಿದರು. ಸರಿಯಾದ ಪ್ರಶ್ನೆ. ಆಕೆಯ ಮಾತು ಆ ಹಾಡಿನಲ್ಲಿಲ್ಲ.

ಎಲ್ಲ ಕೊಟ್ಟುಬಿಡುವವನ ಹಾಡು ಹಾಡಿದ ಪರ್ಸಿ, ಹಾಡನ್ನೂ ಕೊಟ್ಟುಬಿಟ್ಟ. ರಚಿಸಿದವರ ಹೆಸರು ಬರೆಸುವಾಗ ತನ್ನ ಹೆಸರು ಹಾಕಿಸಲಿಲ್ಲ. ತನ್ನ ಜೊತೆ ನುಡಿಸುತ್ತಿದ್ದ ಕ್ಯಾಲ್ವಿನ್ ಲೂಯಿಸ್ ಮತ್ತು ಆಂಡ್ರ್ಯೂ ರೈಟ್ ಇಬ್ಬರ ಹೆಸರಿಗೆ ಬಿಟ್ಟ. ಅವರೂ ಹಾಡನ್ನು ಕಟ್ಟಲು ದುಡಿದವರೇ. ಯಾರೂ ಕದಿಯಲಿಲ್ಲ, ಯಾರೂ ಹೆದರಿಸಲಿಲ್ಲ. ಗೆಳೆಯರೆಂಬ ವಿಶ್ವಾಸ, ಕಾಗದದ ಬೆಲೆ ತಿಳಿಯದ ವಯಸ್ಸು.

ಬೆಲೆ ತಿಳಿದದ್ದು ಆಮೇಲೆ. 1987ರಲ್ಲಿ ಒಂದು ಜೀನ್ಸ್ ಜಾಹೀರಾತಿಗೆ ಈ ಹಾಡು ಬಳಸಿದರು, ಬ್ರಿಟನ್ನಿನಲ್ಲಿ ಅದು ಮತ್ತೆ ಎರಡನೆಯ ಸ್ಥಾನಕ್ಕೆ ಬಂತು. 1991ರಲ್ಲಿ ಮೈಕೆಲ್ ಬೋಲ್ಟನ್ ಎಂಬ ಬಿಳಿಯ ಗಾಯಕ ಅದನ್ನೇ ಹೊಸದಾಗಿ ಹಾಡಿದ. ಅದೂ ಅಮೆರಿಕದಲ್ಲಿ ಮೊದಲ ಸ್ಥಾನ. ಮರುವರ್ಷ ಅವನಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ನಾನು ಮೊದಲು ಕೇಳಿದ್ದು ಬೋಲ್ಟನ್‌ನ ದನಿಯನ್ನೇ, ಕ್ಯಾಸೆಟ್ಟಿನಲ್ಲಿ. ಇದಕ್ಕೂ ಮುಂಚೆ ಇನ್ನೊಬ್ಬ ಹಾಡಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

ಈಗ ಹಣದ ದಾರಿ ನೋಡಿ. ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿ ಮಾರಿದರೆ, ರಚಿಸಿದವರೆಂದು ಕಾಗದದಲ್ಲಿ ಇದ್ದವರಿಗೆ ಪಾಲು ಹೋಗುತ್ತದೆ. ಮೊದಲು ಹಾಡಿದವನಿಗೆ ಇಲ್ಲ. ಅಮೆರಿಕದ ರೇಡಿಯೋ ಕೇಂದ್ರಗಳು ಹಾಡು ಹಾಕಿದಾಗಲೂ ಹಣ ಕೊಡುವುದು ರಚಿಸಿದವರಿಗೆ, ಹಾಡಿದವರಿಗೆ ಅಲ್ಲ. ಪರ್ಸಿಯ ರೆಕಾರ್ಡು ಮಾರಿದರೆ ಗಾಯಕನ ಪಾಲು ಅವನದು. ಬೋಲ್ಟನ್‌ನ ಲಕ್ಷಾಂತರ ಕ್ಯಾಸೆಟ್ಟು ಮಾರಿದರೂ ರಚನೆಯ ಪಾಲು ಅವನಿಗಿಲ್ಲ. ಬೋಲ್ಟನ್ ತಪ್ಪು ಮಾಡಿದನೇ? ಇಲ್ಲ. ಕಾನೂನು ತಪ್ಪಿತೇ? ಅದು ಕಾಗದ ಓದಿತು, ಅಷ್ಟೇ. ಕೊಟ್ಟದ್ದು ಕೆಟ್ಟ ನಿರ್ಧಾರವೆಂದು ಪರ್ಸಿಯೇ ಮುಂದೆ ಒಪ್ಪಿಕೊಂಡ, ಆದರೆ ಕಹಿ ಇಟ್ಟುಕೊಳ್ಳಲಿಲ್ಲ. ಕೊನೆಯವರೆಗೂ ಅದೇ ಹಾಡು ಹಾಡುತ್ತ ಊರೂರು ತಿರುಗಿ, 2015ರಲ್ಲಿ ತೀರಿಕೊಂಡ.

ಅಕ್ಕಂದಿರೇ, ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅಪ್ಪ ತೀರಿಕೊಂಡ ವರ್ಷ ಅಣ್ಣ ಒಂದು ಕಾಗದ ತಂದು, "ಇಲ್ಲೊಂದು ರುಜು ಹಾಕವ್ವ, ಆಫೀಸಿನಲ್ಲಿ ಕೇಳ್ತಾರೆ" ಎಂದ. ಪ್ರೀತಿಯ ಅಣ್ಣ. ಜಾತ್ರೆಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದವನು. ಓದಿ ನೋಡಿದರೆ ಅನುಮಾನಪಟ್ಟಂತೆ ಆಗುತ್ತದೆಂದು ಓದದೆ ರುಜು ಹಾಕಿದೆ. ಅದು ಹಕ್ಕು ಬಿಟ್ಟುಕೊಡುವ ಪತ್ರ. ನಾಲ್ಕು ವರ್ಷದ ಮೇಲೆ ಗಂಡನ ಏಟು ತಾಳಲಾರದೆ ಮಗುವನ್ನು ಎತ್ತಿಕೊಂಡು ತವರಿಗೆ ಬಂದೆ. ಅಣ್ಣ ಒಳಗೆ ಕರೆದ, ಅತ್ತಿಗೆ ಊಟ ಹಾಕಿದರು. ಮೂರನೆಯ ದಿನ, "ಯಾವಾಗ ಹೊರಡ್ತೀಯ?" ಎಂದು ಕೇಳಿದರು. ನಾನು ಹುಟ್ಟಿದ ಮನೆಯಲ್ಲಿ ನಾನು ನೆಂಟಳಾಗಿದ್ದೆ. ವಾಪಸು ಅದೇ ಗಂಡನ ಮನೆಗೆ ಹೋದೆ. ಇನ್ನೆರಡು ವರ್ಷ ಅಲ್ಲೇ ಏಟು ತಿಂದೆ.

ನಮ್ಮ ಹೆಸರು ಹೋಗುವುದು ಹೆಚ್ಚಾಗಿ ಕಳ್ಳರ ಕೈಯಿಂದಲ್ಲ, ನಮ್ಮವರು ಎಂಬ ವಿಶ್ವಾಸದಿಂದ. ಬೆವರು ನಮ್ಮದು, ಪಾಸ್‌ಬುಕ್ಕಿನ ಹೆಸರು ಇನ್ನೊಬ್ಬರದು. ಹಸು ಕಟ್ಟಿದವಳು ನೀವು, ಹಾಲಿನ ಡೇರಿಯ ಖಾತೆ ಗಂಡನದು. ತವರಿನವರು ಹಾಕಿದ ಒಡವೆ ನಿಮ್ಮದು, ಅಡವಿಟ್ಟ ಚೀಟಿ ಅತ್ತೆಯ ಪೆಟ್ಟಿಗೆಯಲ್ಲಿ.

ಪ್ರೀತಿ ಬೇಡ ಎನ್ನುವುದಿಲ್ಲ ನಾನು. ಪ್ರೀತಿ ಬೇರೆ, ಕಾಗದ ಬೇರೆ. ಯಾರೇ ಕಾಗದ ತಂದರೂ, "ಸಂಘದಲ್ಲಿ ಓದಿಸಿ ಹಾಕ್ತೀನಿ" ಎನ್ನಿ. ಪ್ರೀತಿ ಇದ್ದವರು ಒಂದು ವಾರ ಕಾಯುತ್ತಾರೆ. ಕಾಯದವರ ಅವಸರ ಯಾಕೆಂದು ಆಗ ನಿಮಗೇ ಗೊತ್ತಾಗುತ್ತದೆ.

ಮುಂದಿನ ಸಭೆಗೆ ಪ್ರತಿಯೊಬ್ಬರೂ ಮನೆಯಲ್ಲಿರುವ ಒಂದೊಂದು ಕಾಗದ ತನ್ನಿ. ಯಾವುದರಲ್ಲಿ ಯಾರ ಹೆಸರಿದೆ, ಕೂತು ಓದೋಣ.