ಶಾಶ್ವತ ವಿಧಿ ಮತ್ತು ಮೂಲ ಸಂರಚನೆ: ನಾವು ಕೇಳದೆ ಬಿಟ್ಟ ಪ್ರಶ್ನೆ



ಜರ್ಮನ್ ಕಾನೂನನ್ನು ಇತರ ವ್ಯವಸ್ಥೆಗಳ ಪಕ್ಕದಲ್ಲಿಟ್ಟು ನೋಡುವ ಈ ಸಂಕಿರಣಕ್ಕೆ ನನ್ನನ್ನು ಕರೆದಿದ್ದೀರಿ. ಜರ್ಮನ್ ನಾಗರಿಕ ಸಂಹಿತೆಯನ್ನು ನಮ್ಮ 1872ರ ಕರಾರು ಕಾಯ್ದೆಯ ಜೊತೆ ಓದಿಕೊಂಡವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಪ್ರಷ್ಯದ ಪೊಲೀಸ್ ಕಾನೂನಿನಲ್ಲಿ ಹುಟ್ಟಿದ ಅನುಪಾತ ತತ್ವ 2017ರ ಪುಟ್ಟಸ್ವಾಮಿ ತೀರ್ಪಿನವರೆಗೆ ಬಂದ ದಾರಿಯನ್ನು ಮಧ್ಯಾಹ್ನದ ಗೋಷ್ಠಿಯ ಮೇಡಂ ನನಗಿಂತ ಚೆನ್ನಾಗಿ ಬಲ್ಲರು. ಆ ವಿಷಯಗಳನ್ನು ಅವರಿಗೇ ಬಿಡುತ್ತೇನೆ.

ನನ್ನ ತಕರಾರು ಹಳೆಯದು. ನಮ್ಮ ತೌಲನಿಕ ಅಧ್ಯಯನ ವಿಧಿಗೆ ವಿಧಿಯನ್ನು ಹೋಲಿಸಿ ಅಲ್ಲಿಗೇ ನಿಲ್ಲುತ್ತದೆ. ಆ ವಿಧಿಯನ್ನು ನಡೆಸುವವರು ಯಾರು, ಅವರನ್ನು ನೇಮಿಸಿದವರು ಯಾರು ಎಂದು ಕೇಳುವುದಿಲ್ಲ.

ಒಂದು ಉದಾಹರಣೆ ನೋಡಿ. 1965ರ ಫೆಬ್ರವರಿಯಲ್ಲಿ ಹೈಡೆಲ್‌ಬರ್ಗ್‌ನ ಕಾನೂನು ವಿದ್ವಾಂಸ ಡೀಟ್ರಿಶ್ ಕಾನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ತಿದ್ದುಪಡಿಯ ಅಧಿಕಾರವನ್ನೇ ಬಳಸಿ ಸಂವಿಧಾನವನ್ನು ರದ್ದು ಮಾಡಿ, ಮೊಘಲ್ ಬಾದಶಹನ ಆಳ್ವಿಕೆಯನ್ನು ಮತ್ತೆ ತರಬಹುದೇ ಎಂದು ಅವರು ಕೇಳಿದ್ದರು. ಆ ಪ್ರಶ್ನೆಯ ಹಿಂದೆ 1933ರ ಮಾರ್ಚ್ 24 ಇತ್ತು. ವೈಮಾರ್ ಸಂವಿಧಾನದ ತಿದ್ದುಪಡಿಗೆ ಬೇಕಾದ ಮೂರನೇ ಎರಡರಷ್ಟು ಮತದಿಂದಲೇ ಹಿಟ್ಲರ್ ಶಾಸನಾಧಿಕಾರವನ್ನು ತನ್ನ ಸರ್ಕಾರದ ಕೈಗೆ ತಂದುಕೊಂಡಿದ್ದ. ಆ ಪೆಟ್ಟು ತಿಂದ ಮೇಲೆಯೇ 1949ರ ಜರ್ಮನ್ ಸಂವಿಧಾನ ತನ್ನ 79(3)ನೇ ವಿಧಿಯಲ್ಲಿ, ಅಂದರೆ ‘ಶಾಶ್ವತ ವಿಧಿ’ಯಲ್ಲಿ, ಮಾನವ ಘನತೆ, ಪ್ರಜಾಪ್ರಭುತ್ವ, ಒಕ್ಕೂಟ ವ್ಯವಸ್ಥೆಯ ತಳಹದಿಯನ್ನು ತಿದ್ದುಪಡಿಯೂ ಮುಟ್ಟಕೂಡದು ಎಂದು ಬರೆದುಕೊಂಡಿತು.

ಮುಂದಿನದು ನಮ್ಮ ಕನ್ನಡದ ನೆಲಕ್ಕೆ ಹತ್ತಿರದ ಕಥೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಭೂಸುಧಾರಣೆಯ ವಿರುದ್ಧ ಹಾಕಿದ ಅರ್ಜಿಯನ್ನು ಸುಪ್ರೀಂ ಕೋರ್ಟಿನ ಹದಿಮೂರು ನ್ಯಾಯಮೂರ್ತಿಗಳು 68 ದಿನ ಆಲಿಸಿದರು. 1973ರ ಏಪ್ರಿಲ್ 24ರಂದು ಏಳು–ಆರರ ಅಂತರದಲ್ಲಿ, ಸಂವಿಧಾನದ ಮೂಲ ಸಂರಚನೆಯನ್ನು ತಿದ್ದುಪಡಿಯೂ ಕೆಡಿಸಲಾಗದು ಎಂಬ ಸಿದ್ಧಾಂತ ನಿಂತಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕಾನ್ರಾಡರ ಮಾತನ್ನು ತಮ್ಮ ತೀರ್ಪಿನಲ್ಲೇ ಉದ್ಧರಿಸಿದರು.

ಇಷ್ಟನ್ನು ಎಲ್ಲ ವಿದ್ಯಾರ್ಥಿಗಳೂ ಒಪ್ಪಿಸುತ್ತಾರೆ. ಒಮ್ಮೆ ಮೌಖಿಕ ಪರೀಕ್ಷೆಯಲ್ಲಿ ಹೀಗೆ ಸರಾಗವಾಗಿ ಹೇಳಿದ ಹುಡುಗಿಯನ್ನು, “ಹಾಗಾದರೆ ಜರ್ಮನಿಯಲ್ಲಿ ಎಷ್ಟು ತಿದ್ದುಪಡಿಗಳು ಬಿದ್ದಿವೆಯಮ್ಮ?” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ನಮ್ಮ ಪುಸ್ತಕದಲ್ಲಿ ಅದಿಲ್ಲ ಸರ್” ಎಂದಳು. ತಪ್ಪು ಅವಳದಲ್ಲ, ಪುಸ್ತಕದ್ದು.

ಉತ್ತರ: ಒಂದೂ ಇಲ್ಲ. ಮಿತಿಯನ್ನು ಬರೆದಿಟ್ಟುಕೊಂಡ ಜರ್ಮನಿಯಲ್ಲಿ, ಕಾರ್ಲ್ಸ್‌ರೂಹೆಯ ಸಾಂವಿಧಾನಿಕ ನ್ಯಾಯಾಲಯ ಆ ವಿಧಿಯಡಿ ಈವರೆಗೆ ಒಂದು ತಿದ್ದುಪಡಿಯನ್ನೂ ಕೆಡವಿಲ್ಲ. ಬರೆದಿಡದ ನಾವು 1975ರಲ್ಲಿ, 1980ರ ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ, 2015ರಲ್ಲಿ ನ್ಯಾಯಾಧೀಶರ ನೇಮಕಾತಿಯ ವಿಷಯದಲ್ಲಿ ಕೆಡವಿದ್ದೇವೆ. ಏಕೆ?

ಜರ್ಮನಿಯಲ್ಲಿ ತಿದ್ದುಪಡಿಗೆ ಎರಡೂ ಸದನಗಳಲ್ಲಿ ಪ್ರತ್ಯೇಕವಾಗಿ ಮೂರನೇ ಎರಡರಷ್ಟು ಮತ ಬೇಕು. ಸಾಂವಿಧಾನಿಕ ನ್ಯಾಯಾಧೀಶರ ಆಯ್ಕೆಗೂ ಮೂರನೇ ಎರಡರಷ್ಟು ಮತ ಬೇಕು, ಅವಧಿ ಹನ್ನೆರಡು ವರ್ಷ, ಮರುನೇಮಕವಿಲ್ಲ. ವಿರೋಧ ಪಕ್ಷವನ್ನು ಬಿಟ್ಟು ಏನೂ ನಡೆಯದಾದ್ದರಿಂದ ಅತಿರೇಕದ ತಿದ್ದುಪಡಿ ಹುಟ್ಟುವುದೇ ಇಲ್ಲ ಎನ್ನುವವರಿದ್ದಾರೆ. ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. 1968ರಲ್ಲಿ ದೊಡ್ಡ ಪಕ್ಷಗಳೆಲ್ಲ ಸೇರಿಯೇ, ಫೋನ್ ಕದ್ದಾಲಿಕೆಗೆ ಒಳಗಾದವನಿಗೆ ವಿಷಯ ತಿಳಿಸದೆ, ನ್ಯಾಯಾಲಯದ ಬಾಗಿಲನ್ನೂ ಮುಚ್ಚಬಹುದು ಎಂದು ತಿದ್ದುಪಡಿ ತಂದವು. 1970ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮೂವರು ನ್ಯಾಯಾಧೀಶರು ಭಿನ್ನಮತ ಬರೆದರು. ದೊಡ್ಡ ಪಕ್ಷಗಳೆಲ್ಲ ಒಪ್ಪಿದಾಗ ಒಂಟಿ ಪ್ರಜೆಯನ್ನು ಕಾಯುವವರು ಯಾರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಇಂದು ಪ್ರಬಂಧ ಮಂಡಿಸುವವರಲ್ಲಿ ನನ್ನ ವಿನಂತಿ ಇಷ್ಟೇ: 79(3)ನೇ ವಿಧಿಯನ್ನು ಉದ್ಧರಿಸುವ ಮೊದಲು ಆ ಮೂವರ ಭಿನ್ನಮತವನ್ನು ಒಮ್ಮೆ ಪೂರ್ತಿ ಓದಿ.