ಬಿಸಿಲಿಗೆ ಬಾಡಿಗೆ ಬಂತು, ಕೂಲಿಗೆ?

ತುಮಕೂರು ಜಿಲ್ಲೆಯ ಪಾವಗಡ, ಬರಕ್ಕೆ ಹೆಸರಾದ ತಾಲ್ಲೂಕು. ಅಲ್ಲೀಗ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಸರ್ಕಾರ ಜಮೀನು ಕಿತ್ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರು. ಒಳ್ಳೇ ಯೋಜನೆ, ಒಪ್ಪೋಣ.

ಆದರೆ ಜಮೀನೇ ಇಲ್ಲದವರಿಗೆ? ಅದೇ ಹೊಲದಲ್ಲಿ ಶೇಂಗಾ ಕೀಳ್ತಿದ್ದ ಹೆಣ್ಣುಮಗಳಿಗೆ? ಬಾಡಿಗೆ ಮಾಲೀಕರ ಖಾತೆಗೆ ಬಂತು, ಇವಳ ಕೂಲಿ ಹೋಯ್ತು.

ನಾನೂ ಇಂಜಿನಿಯರಿಂಗ್ ಓದಿದವನೇ. ಪ್ಯಾನಲ್ ಜೋಡಿಸುವಾಗ ಸಾವಿರಾರು ಕೈ ಬೇಕು. ಜೋಡಿಸಿದ ಮೇಲೆ ಒರೆಸೋಕೆ, ಹುಲ್ಲು ತೆಗೆಯೋಕೆ, ಕಾವಲಿಗೆ ಕೆಲವೇ ಜನ ಸಾಕು. ಅದು ಆ ತಂತ್ರಜ್ಞಾನದ ಗುಣ. ತಪ್ಪು ಇರೋದು ಅದನ್ನ ಮೊದಲೇ ಲೆಕ್ಕ ಹಾಕದೇ ಇರೋದರಲ್ಲಿ.

ರಾಜ್ಯದ 2022-27ರ ನವೀಕರಿಸಬಹುದಾದ ಇಂಧನ ನೀತಿ ಹೇಳೋದು ಇನ್ನೂ 10 ಗಿಗಾವ್ಯಾಟ್. ಅಂದ್ರೆ ಹೆಚ್ಚುಕಮ್ಮಿ ಐದು ಪಾವಗಡ! ನಾಳೆ ರಾಯಚೂರಿನ ಶಕ್ತಿನಗರದ 1,720 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ ಮುಚ್ಚುವ ಸರದಿ ಬಂದರೆ, ಅಲ್ಲಿನ ದಿನಗೂಲಿಯವನು ಎಲ್ಲಿಗೆ ಹೋಗಬೇಕು?

ಸ್ವಾಮಿ, ಮೆಗಾವ್ಯಾಟ್ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ. ಈ ಊರಿನ ಎಷ್ಟು ಜನಕ್ಕೆ ಕೆಲಸ, ಎಷ್ಟು ವರ್ಷ? ಅದನ್ನ ತುಂಬಿ, ಆಮೇಲೆ ರಿಬ್ಬನ್ ಕತ್ತರಿಸಿ.