ಗುಬ್ಬಿಗೆ ಕಟ್ಟುವ ತೋರಣ

ಸಾಗರ, ಸೊರಬ ಕಡೆಯ ಹಳೆಯ ಮನೆಗಳನ್ನು ಕಂಡವರು ಸಭೆಯಲ್ಲಿದ್ದರೆ, ಭತ್ತದ ತೆನೆಯ ತೋರಣ ಅವರಿಗೆ ಹೊಸದಲ್ಲ. ಹಸೆ ಚಿತ್ತಾರಕ್ಕೆ ಹೆಸರಾದ ದೀವರ ಮನೆಗಳಲ್ಲಿ ಇದೂ ಒಂದು ಕೈಗೆಲಸ. ಆಂಧ್ರದ ಹಳ್ಳಿಗಳಲ್ಲೂ ಮನೆಯ, ಗುಡಿಯ ಸೂರಿಗೆ ಇಂಥದೇ ತೆನೆಕುಚ್ಚು ಕಟ್ಟುತ್ತಾರೆ. ನೋಡುವವರಿಗೆ ಅದು ಅಲಂಕಾರ, ಗುಬ್ಬಿಗೆ ಊಟ. ತೆನೆಗೆ ಜೋತುಬಿದ್ದ ಗುಬ್ಬಿ ಕೊಕ್ಕಿನಲ್ಲೇ ಹೊಟ್ಟು ಬಿಡಿಸಿ ಅಕ್ಕಿಯನ್ನಷ್ಟೇ ತಿನ್ನುತ್ತದೆ. ಜಗಲಿ ಗುಡಿಸುವ ಕೆಲಸ ಮಾತ್ರ ಮನೆಯವರದು!

ತೋರಣಕ್ಕೆ ಬೇಕಾದದ್ದು ಬಲಿತ, ಆದರೆ ಕಾಳು ಉದುರುವಷ್ಟು ಒಣಗದ ತೆನೆ. ಉದ್ದ ದಂಟು ಬಿಟ್ಟು ಕುಯ್ದು ನೆರಳಲ್ಲಿ ಆರಿಸಬೇಕು. ಹೆಣೆಯುವ ಮುನ್ನ ತುಸು ನೀರು ಚಿಮುಕಿಸಿದರೆ ದಂಟು ಮುರಿಯದೆ ಬಾಗುತ್ತದೆ. ಜಡೆಯಂತೆ ಮೂರೆಳೆಯಲ್ಲಿ ಹೆಣೆಯುತ್ತ, ಪ್ರತಿ ಸುತ್ತಿಗೆ ಎರಡು ಮೂರು ತೆನೆ ಸೇರಿಸುತ್ತ ಹೋದರೆ ಅವು ಒಂದೇ ಬದಿಗೆ ಜಾಲರಿಯಾಗಿ ಇಳಿಬೀಳುತ್ತವೆ. ಕಟ್ಟಲು ಬಾಳೆನಾರು ಸಾಕು. ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಬಣ್ಣ, ಅಂಟು, ಜರಿ ಯಾವುದೂ ಬೇಡ. ಬಿತ್ತನೆಗೆಂದು ಔಷಧ ಲೇಪಿಸಿದ ಕಾಳನ್ನಂತೂ ಹಕ್ಕಿಯ ಹತ್ತಿರ ತರಲೇಬಾರದು. ಬೆಕ್ಕು ನೆಗೆದರೂ ಎಟುಕದ ಎತ್ತರದಲ್ಲಿ ತೂಗುಹಾಕಬೇಕು, ಎರಚಲಿಗೆ ನೆನೆದು ಬೂಷ್ಟು ಹಿಡಿದರೆ ಇಳಿಸಿಬಿಡಬೇಕು.

ಇದು ಭತ್ತದ ನಾಡಿನ ರೂಢಿ ಮಾತ್ರವೇನಲ್ಲ. ನಾರ್ವೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಓಟ್ಸ್ ತೆನೆಯ ಸಿವುಡನ್ನು ಕಂಬಕ್ಕೆ ಕಟ್ಟಿ ಹಕ್ಕಿಗಳಿಗೆ ಬಿಡುತ್ತಾರೆ. ಹಿಮ ನೆಲವನ್ನು ಮುಚ್ಚಿದಾಗ ಅವಕ್ಕೆ ಅದೇ ಆಸರೆ.

ನಮ್ಮಲ್ಲಿ ತೋರಣ ಅಪರೂಪವಾದದ್ದಕ್ಕೆ ಜನರ ಮನಸ್ಸು ಸಣ್ಣದಾಯಿತೆಂದು ದೂರುವುದುಂಟು. ಅದು ಅರ್ಧ ಸತ್ಯ. ಬದಲಾದದ್ದು ಭತ್ತದ ಪೈರು ಕೂಡ. 1966ರಲ್ಲಿ ಬಿಡುಗಡೆಯಾದ ಐಆರ್-8 ತಳಿಯ ಬೆನ್ನಿಗೇ ಗಿಡ್ಡ ತಳಿಗಳು ಗದ್ದೆಗೆ ಬಂದವು. ಅವು ಗಾಳಿಗೆ ಒರಗುವುದಿಲ್ಲ, ಇಳುವರಿಯೂ ಹೆಚ್ಚು, ಆದರೆ ಹೆಣೆಯುವ ಕೈಗೆ ಅಷ್ಟು ಉದ್ದದ ದಂಟು ಸಿಗುವುದಿಲ್ಲ. ಕಟಾವು ಯಂತ್ರ ಬಂದ ಮೇಲೆ ಕಾಳು ಗದ್ದೆಯಲ್ಲೇ ಬೇರೆಯಾಗುತ್ತದೆ, ತೆನೆ ಸಮೇತ ಹುಲ್ಲು ಅಂಗಳಕ್ಕೆ ಬರುವುದೇ ಇಲ್ಲ. ಯಂತ್ರ ಇಳಿಯುವ ಮೊದಲು ಬದುವಿನ ಅಂಚಿನಲ್ಲಿ ನಾಲ್ಕು ಹಿಡಿ ಕುಯ್ದಿಟ್ಟುಕೊಂಡರೆ ಒಂದು ಬಾಗಿಲಿಗೆ ಸಾಲುತ್ತದೆ.

ಹಾಗೆಂದು ತೋರಣವೊಂದೇ ಗುಬ್ಬಿಯನ್ನು ಉಳಿಸದು. ಕಾಳು ದೊಡ್ಡ ಹಕ್ಕಿಯ ಆಹಾರ, ಎಳೆಯ ಮರಿಗೆ ಬೇಕಾದದ್ದು ಹುಳುಹುಪ್ಪಟೆ. ತಾರಸಿ ಮನೆಗಳಲ್ಲಿ ಗೂಡಿಗೆ ಸಂದಿಯೂ ಇಲ್ಲ. ತೋರಣ ಕಟ್ಟುವವರು ಪಕ್ಕದಲ್ಲೊಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಹಿತ್ತಿಲಿನ ಒಂದು ಮೂಲೆಗೆ ಕೀಟನಾಶಕ ಹೊಡೆಯದೆ ಬಿಟ್ಟರೆ, ಮರಿಯ ಹುಳುವಿಗಾಗಿ ತಾಯಿಹಕ್ಕಿ ದೂರ ಅಲೆಯಬೇಕಾಗಿಲ್ಲ.